ಹಲಗಿ ತಣ್ಣಗಾಗುವ ಮುನ್ನ

ಒಂದು ಹಳೆಯ ಕ್ಯಾಸೆಟ್ಟಿಗೆ ಮುನ್ನೂರು ರೂಪಾಯಿ ಕೊಟ್ಟೆ. ಸವಣೂರಿನ ಗುಜರಿ ಅಂಗಡಿಯವನು ಕೇಳಿದಷ್ಟೂ ಕೊಟ್ಟೆ. ನನ್ನನ್ನು ಬಲ್ಲವರು ಇದನ್ನು ನಂಬಲಾರರು. ಬದನೆಕಾಯಿ ಕೊಳ್ಳುವಾಗಲೂ ಎರಡು ಸಲ ಬೆನ್ನು ತಿರುಗಿಸಿ ಹೊರಟಂತೆ ಮಾಡುವವನು ನಾನು. ಕಾರಣವಿದೆ. ಕ್ಯಾಸೆಟ್ಟಿನ ಮೇಲಿನ ಚೀಟಿ ಹರಿದುಹೋಗಿತ್ತು, ಅಂಗಡಿಯವನು ಅದನ್ನು ಹಾಕಿ ಕೇಳಿಸಿದ. ಮೊದಲು ಬರೀ ಸರಸರ ಸದ್ದು. ಆಮೇಲೆ ದೂರದಿಂದೆಂಬಂತೆ ಒಂದು ದನಿ: "ಕಾದೈತಿ... ಹೊಡೀರಿ." ಅದರ ಬೆನ್ನಿಗೇ ಹಲಗಿವಾದ್ಯಗಳ ಬಡಿತ. ಅಲ್ಲೇ ನಿಂತಿದ್ದ ನನ್ನ ಮೂಗಿಗೆ ಸುಡುವ ರವದಿಯ, ಜೋಳದ ಒಣ ಎಲೆಯ, ವಾಸನೆ ಬಂತು. ಆ ದನಿಗೆ ಚೌಕಾಸಿ ಮಾಡುವುದು ಹೇಗೆ?

ಅದು ಹಲಗಿ ಮಾಸ್ತರರ ದನಿ. ಅವರು ಯಾವ ಶಾಲೆಗೂ ಮಾಸ್ತರರಲ್ಲ. ಊರವರು ಚೇಷ್ಟೆಗೆ ಇಟ್ಟ ಹೆಸರದು. ಅವರು ಅದನ್ನೇ ಹೆಗಲಿಗೇರಿಸಿಕೊಂಡು ತಿರುಗಿದರು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಬೇರೆಯವರ ಮೈಕಿನ ಭೋಂಗಾ ಹೊತ್ತು ಹೊತ್ತು, ಕಡೆಗೆ ನನ್ನದೇ ಒಂದು ಮೈಕ್ ಸೆಟ್ ಮಾಡಿಕೊಂಡು ಬಾಡಿಗೆಗೆ ಕೊಡುತ್ತಿದ್ದೆ. ಒಂದು ಸಂಜೆ ಯಲವಿಗಿ ಸ್ಟೇಷನ್ನಿನ ಹಿಂದಿನ ಬಯಲಿನಲ್ಲಿ ಗದ್ದಲ ಕೇಳಿ ಹೋಗಿ ನೋಡಿದೆ. ಮಾಸ್ತರರೂ ಸೇರಿ ಕೇರಿಯ ಐದು ಜನ ಹಲಗಿ ಬಡಿಯುತ್ತ, ಗಂಟಲು ಹರಿಯುವಂತೆ ಹಾಡುತ್ತಿದ್ದರು. ಸೀಮೆಎಣ್ಣೆಯ ಪಾಳಿಯ ಮೇಲೊಂದು ಹಾಡು, ಬಾವಿಕಟ್ಟೆಯ ಮೇಲೊಂದು, ಕೂಲಿ ಕೇಳಿದರೆ ನಾಳೆ ಬಾ ಎನ್ನುವವರ ಮೇಲೊಂದು. ಎಲ್ಲವೂ ಗಿಡ್ಡ ಹಾಡುಗಳು. ರಾಗ ಅಷ್ಟಕ್ಕಷ್ಟೇ. ನನ್ನ ಪಕ್ಕದಲ್ಲಿದ್ದ ಹಮಾಲ "ಇದೇನ್ ಹಾಡೋ, ಜಗಳೋ" ಎಂದ. ಅಂದವನು ಹಾಡು ಮುಗಿಯುವ ತನಕ ಕದಲಲಿಲ್ಲ. ನನಗೆ ಹಾಡು ತಿಳಿಯುವುದಿಲ್ಲ, ಗಿರಾಕಿ ತಿಳಿಯುತ್ತಾನೆ.

ಹಾಡು ಗಿಡ್ಡವಾದದ್ದಕ್ಕೂ ಕಾರಣವಿತ್ತು. ಹಲಗಿಯ ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸಿದರೇ ಅದು ಬಿಗಿಯಾಗಿ ನುಡಿಯುವುದು. ತಣ್ಣಗಾದರೆ ಸದ್ದು ಮೆತ್ತಗಾಗುತ್ತದೆ. ಮಾಸ್ತರರು ಚರ್ಮದ ಮೇಲೆ ಬೆರಳು ಆಡಿಸಿ ನೋಡಿ, "ಕಾದೈತಿ, ಹೊಡೀರಿ" ಎನ್ನುತ್ತಿದ್ದರು. ಹಲಗಿ ಆರುವುದರೊಳಗೆ ಹೇಳಬೇಕಾದದ್ದನ್ನೆಲ್ಲ ಹೇಳಿ ಮುಗಿಸಬೇಕು.

ಅವರ ಹಿರಿಯರು ಊರಿನ ಸಾವಿಗೆ, ಡಂಗುರಕ್ಕೆ, ದೇವರ ಕೆಲಸಕ್ಕೆ ದೂರದಲ್ಲಿ ನಿಂತು ಬಾರಿಸಿದವರು. ಸುಗ್ಗಿಯಲ್ಲಿ ಸಿಕ್ಕ ಕಾಳೇ ಕೂಲಿ. ಮಾಸ್ತರರು ಆ ಚಾಕರಿಯನ್ನು ಬಿಟ್ಟಿದ್ದರು. ಕಾಳೂ ನಿಂತಿತ್ತು. ಹಾಡು ನಡೆಯದಿದ್ದರೆ ಮತ್ತೆ ಅದೇ ಬಾಗಿಲುಗಳ ಮುಂದೆ ಹೋಗಿ ನಿಲ್ಲಬೇಕಿತ್ತು. "ಕೆಳಗ ನಿಂತು ಬಾರ್ಸೂದು ನಮ್ಮಪ್ಪನ ಕಾಲಕ್ಕ ಮುಗೀತ್ರಿ ಸಾವಕಾರ್ರ. ಬಾರ್ಸಿದ್ರ ಸ್ಟೇಜಿನ ಮ್ಯಾಲ" ಎಂದಿದ್ದರು. ಆಗ ನಾನು ಸಾವಕಾರನೇನಲ್ಲ. ಮಾಸ್ತರ ಎಂದು ಕರೆದದ್ದಕ್ಕೆ ಅವರು ತೀರಿಸಿಕೊಂಡ ಸೇಡು ಅದು.

ಹತ್ತಿಮತ್ತೂರಿನಲ್ಲಿ ಹುಡುಗರ ಸಂಘದವರೊಂದು ಕಾರ್ಯಕ್ರಮ ಇಟ್ಟಿದ್ದರು. ಮೈಕು ನನ್ನದು, ಇವರನ್ನು ಕರೆಸಿದ್ದೂ ನಾನೇ. ಸ್ಟೇಜು ಹತ್ತುವ ಹೊತ್ತಿಗೆ ಊರಿನ ಹಿರಿಯರೊಬ್ಬರು ಅಡ್ಡ ಬಂದರು. "ಹಲಗಿ ಕೆಳಗಿರ್ಲಿ. ಅಲ್ಲಿಂದ್ಲೂ ಕೇಳಸ್ತೈತಿ."

ನಾನು ತಕ್ಷಣ, "ಕೆಳಗ ವಾಯರ್ ಮುಟ್ಟೂದಿಲ್ರೀ ಗೌಡ್ರ" ಎಂದೆ. ಹಿರಿಯರು ಗೊಣಗಿ ಸರಿದರು, ಇವರು ಹತ್ತಿದರು. ಆವತ್ತು ಚಪ್ಪಾಳೆಗಿಂತ ಸಿಳ್ಳೆ ಜಾಸ್ತಿ.

ನಾನು ಗೆದ್ದ ಖುಷಿಯಲ್ಲಿದ್ದೆ. ಕಾರ್ಯಕ್ರಮ ಮುಗಿದ ಮೇಲೆ ಮಾಸ್ತರರು ವಾಯರಿನ ಸುರುಳಿ ಎತ್ತಿ ತೋರಿಸಿದರು. "ಇದು ಶಿಗ್ಗಾಂವಿ ತನಕ ಮುಟ್ಟತೈತಿ. ಇವರು ಮ್ಯಾಲ ಬಾರ್ಸೋರು ಅಂತ ಹೇಳಾಕ ಬಾಯಿ ಬರ್ಲಿಲ್ಲೇನ್ರಿ?"

"ಕೆಲ್ಸ ಆತಲ್ಲ ಮಾಸ್ತರ."

"ನಿಮ್ಮ ವಾಯರ್ ಕೆಲ್ಸ ಆತು. ನಮ್ದು ಇನ್ನೂ ಐತಿ."

ಎಂಬತ್ತರ ದಶಕದಲ್ಲಿ ಕ್ಯಾಸೆಟ್ಟಿನ ಕಾಲ ಬಂತು. ಚಹಾದಂಗಡಿ, ಬಸ್ಸು, ಟ್ರ್ಯಾಕ್ಟರು, ಎಲ್ಲಿ ನೋಡಿದರೂ ಟೇಪು. ಹುಬ್ಬಳ್ಳಿಯಲ್ಲಿ ರೆಕಾರ್ಡಿಂಗ್ ಮಾಡುವ ಒಬ್ಬರನ್ನು ಹಿಡಿದು, ಮೂರು ಸಲ ಮುನಿಸಿಕೊಂಡು ಎದ್ದುಬಂದು ವ್ಯವಹಾರ ಕುದುರಿಸಿದೆ. ಒಳಗೆ ಹೋದರೆ ತಣ್ಣನೆಯ ಕೋಣೆ, ಗೋಡೆಗೆಲ್ಲ ಗೋಣಿತಟ್ಟು. ರೆಕಾರ್ಡಿಂಗಿನವರು ಹಲಗಿಗಳನ್ನು ನೋಡಿ, "ಇವು ಬ್ಯಾಡ. ಢೋಲಕ್ ಐತಿ, ಅದ್ರ ಮ್ಯಾಲ ಹಾಡ್ರಿ. ಇಲ್ಲಿ ಬೆಂಕಿ ಕಾಯ್ಸೂದು ನಡಿಯೂದಿಲ್ಲ" ಎಂದರು.

ನಾನು ಅರ್ಧಕ್ಕೆ ಇಳಿದೆ: ಒಂದು ಬದಿಗೆ ಢೋಲಕ್, ಇನ್ನೊಂದು ಬದಿಗೆ ಹಲಗಿ.

"ಸಾವಕಾರ್ರ, ಸ್ವಲ್ಪ ಸುಮ್ಮ ಕುಂದರ್ರಿ" ಎಂದರು ಮಾಸ್ತರರು. ರೆಕಾರ್ಡಿಂಗಿನವರತ್ತ ತಿರುಗಿ, "ಹಲಗಿ ಇದ್ರ ನಾವು ಇದ್ದೇವಿ. ಬೆಂಕಿ ಅಂಗಳದಾಗ ಇರ್ಲಿ, ನೀವು ಬಾಗ್ಲಾ ತೆರದಿಡ್ರಿ. ನಾವು ಓಡಿ ಬರ್ತೇವಿ. ಆರೂದ್ರೊಳಗ ಹಾಡು ಮುಗೀತೈತಿ. ಮುಗೀಲಿಲ್ಲಂದ್ರ ನಾವ ಎದ್ದು ಹೋಗ್ತೇವಿ" ಎಂದರು. ದನಿ ಏರಿಸಲಿಲ್ಲ, ಬೇಡಿಕೊಳ್ಳಲೂ ಇಲ್ಲ.

ಹಾಗೇ ಆಯಿತು. ಅಂಗಳದಲ್ಲಿ ರವದಿ ಉರಿಸುವುದು, ಕಾಯಿಸಿದ ಹಲಗಿಯನ್ನು ಎದೆಗವಚಿಕೊಂಡು ಓಡಿಬರುವುದು, ಬಡಿಯುವುದು, ಮತ್ತೆ ಹೊರಗೆ ಓಡುವುದು. ಬಾಗಿಲು ತೆರೆದೇ ಇತ್ತಲ್ಲ, ಅಂಗಳದಿಂದ ಮಾಸ್ತರರು ಹಾಕುವ ಕೂಗೂ ಟೇಪಿನಲ್ಲಿ ಸೇರಿಕೊಂಡಿತು. ಅದನ್ನು ತೆಗೆದುಬಿಡೋಣವೆಂದು ರೆಕಾರ್ಡಿಂಗಿನವರು ಎಷ್ಟು ಹೇಳಿದರೂ ಮಾಸ್ತರರು ಬಿಡಲಿಲ್ಲ.

ಕ್ಯಾಸೆಟ್ಟನ್ನು ಓಡಿಸಿದ್ದೇ ಆ ಕೂಗು. ಶಿಗ್ಗಾಂವಿ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರು ಸೀಟಿ ಊದುವ ಬದಲು "ಕಾದೈತಿ, ಹೊಡೀರಿ" ಎಂದು ಬಸ್ಸು ಬಿಡಿಸಿದ್ದನ್ನು ನಾನೇ ಕೇಳಿದ್ದೇನೆ. ಹಾನಗಲ್ಲಿನಿಂದ, ಹಿರೇಕೆರೂರಿನಿಂದ ಕರೆ ಬಂತು. ಮುಂದಿನ ಸಾಲಿಗೆ ಕುರ್ಚಿ ಹಾಕಿಸುವ ದೊಡ್ಡ ಕಾರ್ಯಕ್ರಮಗಳು. ಹತ್ತಿಮತ್ತೂರಿನವರೂ ಮತ್ತೆ ಕರೆದರು. ಈ ಸಲ ನಾನು ಬಾಯಿ ತೆರೆಯುವ ಮೊದಲೇ ಮಾಸ್ತರರು ಕೇಳಿದರು: "ಸ್ಟೇಜು ಎಷ್ಟು ಅಗಲ ಐತ್ರಿ? ಐದು ಮಂದಿ ನಿಲ್ಲಬೇಕು." ಅದೇ ಹಿರಿಯರು, "ಹತ್ತು ಮಂದಿ ನಿಲ್ರಿ" ಎಂದರು. ಸ್ಟೇಜಿನ ಮೆಟ್ಟಿಲ ಪಕ್ಕ ಬೆಂಕಿಗೆಂದು ರವದಿಯ ಹೊರೆ ಇಳಿಸಿಟ್ಟಿದ್ದರು. ಮಾಸ್ತರರು ನನ್ನ ಕಡೆ ನೋಡಿ, "ಈಗ ನಮ್ಮ ಕೆಲ್ಸ ಆತು" ಎಂದರು...

ಆಮೇಲಿನದು ಎಲ್ಲ ಮೇಳಗಳಿಗೂ ಆಗುವಂಥದ್ದೇ. ಒಬ್ಬ ಡ್ರೈವರನಾದ, ಒಬ್ಬ ಕೆಲಸ ಸಿಕ್ಕು ದೂರ ಹೋದ. ನಾನು ಮೈಕ್ ಬಿಟ್ಟು ಪಾತ್ರೆ ಅಂಗಡಿ ಇಟ್ಟೆ.

ಮಾಸ್ತರರು ತೀರಿಕೊಂಡ ದಿನ ಉಳಿದ ನಾಲ್ವರೂ ಬಂದರು. ಸಾವಿಗೆ ಬಾರಿಸುವುದಿಲ್ಲ ಎಂದು ಬದುಕಿದವರ ಮುಂದೆ ಬಾರಿಸುವುದೋ ಬಿಡುವುದೋ? ಅವರೇ ಮಾತಾಡಿಕೊಂಡು ಬಾಗಿಲ ಮುಂದೆ ಎರಡು ಚಕ್ಕಡಿ ಗಾಡಿ ಜೋಡಿಸಿ, ಅವುಗಳ ಮೇಲೆ ಹತ್ತಿ ನಿಂತರು. ರವದಿ ಉರಿಸಿ ಕಾಯಿಸಿದ ಹಲಗಿ ಕೈಯಲ್ಲಿತ್ತು. ಕೂಗು ಹಾಕುವವರೇ ಇರಲಿಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು... ಹಲಗಿ ಆರತೊಡಗಿತ್ತು. ಆಗ ಹೊಸ್ತಿಲಲ್ಲಿ ಕುಳಿತಿದ್ದ ಮಾಸ್ತರರ ಹೆಂಡತಿ ತಲೆ ಎತ್ತಿ ಹೇಳಿದರು: "ಯಾಕ ನಿಂತ್ರೆಪಾ? ಕಾದೈತಿ, ಹೊಡೀರಿ."

ಹುಬ್ಬಳ್ಳಿಯಲ್ಲಿ ಟೇಪಿಗೆ ಹಿಡಿದ ಆ ಹಲಗಿಗಳ ಸದ್ದು ಈಗ ಈ ಕ್ಯಾಸೆಟ್ಟಿನಲ್ಲಿ ಅಲ್ಲಲ್ಲಿ ಮಾತ್ರ ಉಳಿದಿದೆ. ಎರಡನೆಯ ಬದಿ ಪೂರ್ತಿ ಹೋಗಿದೆ. ಈಗಿನ ಹಲಗಿಗಳಿಗೆ ಪ್ಲಾಸ್ಟಿಕ್ ಹಾಳೆ, ಬೆಂಕಿಯೇ ಬೇಡ. ಮಾಸ್ತರರೂ ಇಲ್ಲ.

ನೀವು ಹಳೆಯ ಕ್ಯಾಸೆಟ್ ಕೊಳ್ಳುವುದಾದರೆ ಹಾಕಿಸಿ ಕೇಳದೆ ಹಣ ಕೊಡಬೇಡಿ. ನಿಮ್ಮವರ ದನಿ ಕೇಳಿಸಿತೆಂದರೆ ಬೆಲೆ ಇಳಿಸಲು ಹೋಗಬೇಡಿ, ಮಾರುವವನು ಮನಸ್ಸು ಬದಲಿಸಿಯಾನು. ಬಾರಿಸುವವರನ್ನು ಊರಿಗೆ ಕರೆಸುವುದಾದರೆ ಹಣದ ಮಾತು ಆಮೇಲಿರಲಿ, ಎಲ್ಲಿ ನಿಲ್ಲಿಸುತ್ತೀರಿ ಎಂಬುದನ್ನು ಮೊದಲು ಹೇಳಿ. ಚರ್ಮದ ಹಲಗಿಯವರು ಇನ್ನೂ ಎಲ್ಲಾದರೂ ಸಿಕ್ಕರೆ, ಸ್ಟೇಜಿನ ಪಕ್ಕ ಒಂದು ಹೊರೆ ರವದಿ ತೆಗೆದಿಡಿ.