ಮೇಲಿನ ಕೋರ್ಟು ಪರದೆ ನೋಡಲಿಲ್ಲ

ನಮ್ಮ ಬೀದಿಯ ಪರದೆಯಕ್ಕನಿಗೆ ಬಾಯಿ ಎಷ್ಟು ಜೋರೋ ಹೊಲಿಗೆ ಅಷ್ಟೇ ಭದ್ರ. ನಾಟಕಶಾಲೆಗಳಿಗೆ ಪರದೆ ಹೊಲಿಯುವುದು ಅವಳ ಕಸುಬು. ನಡುಮನೆಯಲ್ಲಿ ಕೆಂಪು ಮಖಮಲ್ ಹರಡಿದಳೆಂದರೆ ಗಂಡ ಗೋಡೆಗೆ ಅಂಟಿಕೊಂಡೇ ಓಡಾಡಬೇಕು.

ಒಬ್ಬ ನಾಟಕಶಾಲೆಯ ಮಾಲೀಕ ಅವಳಿಂದ ಪರದೆ ಹಾಕಿಸಿಕೊಂಡು ಚೆಕ್ ಕೊಟ್ಟ. ಖಾತೆಯಲ್ಲಿ ದುಡ್ಡಿಲ್ಲವೆಂದು ಬ್ಯಾಂಕಿನಿಂದ ಅದು ವಾಪಸ್ ಬಂತು. ನೋಟಿಸಿಗೂ ಆಸಾಮಿ ಮಿಸುಕಲಿಲ್ಲ. ವಕೀಲೆಯಾಗಿದ್ದ ನಾದಿನಿ ಕೇಸು ಹಾಕಿದಳು. ವಿಚಾರಣೆ ಶುರುವಾಗುವ ಮೊದಲೇ ಮಾಲೀಕ ಹೈಕೋರ್ಟಿಗೆ ಓಡಿದ: "ಪರದೆ ಸರಿಯೋದೇ ಇಲ್ಲ. ಚೆಕ್ ಕೊಟ್ಟಿದ್ದು ಬರೀ ಭರವಸೆಗೆ. ಕೇಸೇ ರದ್ದು ಮಾಡಿ."

ಪರದೆಯಕ್ಕ ಹೊಲಿಗೆ ಬಿಟ್ಟು ನಾದಿನಿಯ ಬಳಿ ಓಡಿದಳು. "ದೊಡ್ಡ ಕೋರ್ಟು ಕಣೇ! ಒಂದೇ ಮಾತಲ್ಲಿ ಎತ್ತಿ ಬಿಸಾಕಿದ್ರೆ?"

"ದೊಡ್ಡದಾದ್ರೂ ಅದಕ್ಕೂ ಒಂದು ಗೆರೆ ಇದೆ ಅತ್ತಿಗೆ," ಎಂದಳು ನಾದಿನಿ.

ಅಕ್ಕನಿಗೆ ನಂಬಿಕೆ ಬರಲಿಲ್ಲ. ಅಂಥದ್ದೇ ಪರದೆಯ ದೊಡ್ಡ ತುಂಡೊಂದನ್ನು ಸುತ್ತಿ ಗಂಡನ ಹೆಗಲಿಗೆ ಹೇರಿದಳು. ಹೈಕೋರ್ಟಿನ ಬಾಗಿಲಲ್ಲಿ ಕಾವಲುಗಾರ ಅಡ್ಡ ಬಂದು, "ಯಾರನ್ನ ಸುತ್ಕೊಂಡು ಬಂದಿದೀರಿ?" ಎಂದಾಗ ಗಂಡನಿಗೆ ನಗು ತಡೆಯದೆ ಸುರುಳಿ ಜಾರಿ ಮೆಟ್ಟಿಲ ತುಂಬ ಹಾಸಿಕೊಂಡಿತು.

ಒಳಗೆ ಮಾಲೀಕನ ವಕೀಲ ಪರದೆಯ ಕುಂದು ಎಣಿಸತೊಡಗಿದ. ಅಕ್ಕ ತಟ್ಟನೆ ಎದ್ದಳು. "ಸ್ವಾಮಿ, ಇಲ್ಲೇ ಬಿಚ್ಚಿ ತೋರಿಸ್ಲಾ?"

ನ್ಯಾಯಾಧೀಶರು ನಕ್ಕರು. "ಬೇಡಮ್ಮ, ಕೂತ್ಕೊಳಿ. ಅದು ಚೆನ್ನಾಗಿದೆಯೋ ಇಲ್ವೋ ಅಂತ ತೂಗೋ ಜಾಗ ಇದಲ್ಲ." ಆಮೇಲೆ ವಕೀಲನತ್ತ ತಿರುಗಿ, "ದೂರಲ್ಲಿರೋದು ನಿಜ ಅಂತಿಟ್ಕೊಂಡ್ರೆ ಅಪರಾಧ ಆಗುತ್ತಾ? ಇಲ್ಲಿ ಅಷ್ಟೇ ನೋಡೋದು. ಆಗುತ್ತೆ. ಉಳಿದ ಜಗಳ ಸಾಕ್ಷಿ ಕೇಳೋ ಕೋರ್ಟಲ್ಲಿ ಆಡ್ಕೊಳಿ," ಎಂದು ಅರ್ಜಿ ವಜಾ ಮಾಡಿದರು.

ಕೆಳಗಿನ ಕೋರ್ಟಿನಲ್ಲಿ ಮಾಲೀಕ ಕಟಕಟೆ ಹತ್ತಿದ. ನಾದಿನಿ ಮೆಲ್ಲಗೆ ಕೇಳಿದಳು: "ಸರಿಯದ ಪರದೆ ಇಟ್ಕೊಂಡು ದಿನಾ ನಾಟಕ ಹೇಗೆ ಆಡಿಸ್ತೀರಿ?"

"ಅದೂ... ಎಳೆದ್ರೆ ಬರುತ್ತೆ," ಎಂದುಬಿಟ್ಟ. ಕೂತವರೆಲ್ಲ ಘೊಳ್ಳೆಂದರು.

ತೀರ್ಪಿನವರೆಗೆ ಕಾಯುವ ಧೈರ್ಯ ಅವನಿಗೆ ಉಳಿಯಲಿಲ್ಲ. ಪೂರ್ತಿ ಹಣ ಕಟ್ಟಿ ರಾಜಿಯಾದ. ಮುಖ ಉಳಿಸಿಕೊಳ್ಳಲು ಆ ಸಂಜೆಯ ನಾಟಕಕ್ಕೆ ಮೂರು ಟಿಕೆಟ್ಟೂ ಕೊಟ್ಟ. ಅಕ್ಕ, ಗಂಡ, ನಾದಿನಿ ಮೊದಲ ಸಾಲಿನಲ್ಲಿ ಠೀವಿಯಿಂದ ಕೂತರು. ನಾಟಕ ಮಾತ್ರ ಉಪ್ಪಿಲ್ಲದ ಸಾರು. ಅರ್ಧಕ್ಕೇ ಎದ್ದು, ಐಸ್‌ಕ್ರೀಂ ತಿಂದು, ನಾಯಕನ ಅಳುವನ್ನು ಅಣಕಿಸುತ್ತ ಮೂವರೂ ನಡೆದೇ ಮನೆ ಸೇರಿದರು.