ಚೆನ್ನಬಸಮ್ಮ ನಂಬುವ ಇಬ್ಬರು

ಕುರೆಕುಪ್ಪದ ಹತ್ತಿರದ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರುಗಳನ್ನು ಕಾಯುವುದು ನನ್ನ ಕೆಲಸ. ಬ್ರೌಸರ್ ಯಾವ ವೆಬ್‌ಸೈಟನ್ನು ನಂಬುತ್ತದೆ, ಮೇಲ್ ತಂತ್ರಾಂಶ ಯಾರ ಸಹಿಯನ್ನು ಒಪ್ಪುತ್ತದೆ ಎಂದು ಹೊಸಬರಿಗೆ ಪಾಠ ಹೇಳುವವನೂ ನಾನೇ. ‘ಅವುಗಳ ಹತ್ತಿರ ನಂಬಿಕಸ್ಥರ ಪಟ್ಟಿ ಇರುತ್ತದೆ. ಅವರು ಸಹಿ ಹಾಕಿದ ಸರ್ಟಿಫಿಕೇಟು ನಡೆಯುತ್ತದೆ. ತನಗೆ ತಾನೇ ಸಹಿ ಹಾಕಿಕೊಂಡದ್ದು ನಡೆಯುವುದಿಲ್ಲ’ ಎನ್ನುವಾಗ ನನ್ನ ಎದೆ ಉಬ್ಬಿರುತ್ತದೆ.

ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿದ್ದಿತ್ತಂತೆ. ಈ ಪಂಡಿತನಿಗೆ ಹೊಸಪೇಟೆಯಲ್ಲಿ ಬಾಡಿಗೆ ಮನೆ ಸಿಗಲಿಲ್ಲ. ಹೆಂಡತಿ ಪಂಪಾವತಿ ಬಾಣಂತನ ಮುಗಿಸಿ ಕೂಸಿನೊಂದಿಗೆ ಕಂಪ್ಲಿಯಿಂದ ಬರುವವಳಿದ್ದಳು. ನಾನಿನ್ನೂ ಗೆಳೆಯರ ರೂಮಿನಲ್ಲಿ ಚಾಪೆ ಹಾಸಿಕೊಳ್ಳುತ್ತಿದ್ದೆ. ಕೊನೆಗೆ ಚೆನ್ನಬಸಮ್ಮನವರ ಮನೆ ಹಿಡಿಸಿತು. ಆಧಾರ್, ಕಂಪನಿ ಕಾರ್ಡು ತೋರಿಸಿ, ನಾನು ತುಂಬಾ ಒಳ್ಳೆಯ ಮನುಷ್ಯ ಎಂದೆ.

“ನಿನ್ನ ಬಗ್ಗೆ ನೀನ ಹೇಳ್ಕೊಂಡ್ರ ಹೆಂಗಪಾ? ನಾ ನಂಬೋರು ಇಬ್ರ. ಹಾಲಿನ ಪಕ್ಕೀರಪ್ಪ, ಸೀರಿ ಮಾರೋ ಕಂಪ್ಲಿ ದುರ್ಗಕ್ಕ. ಅವರ ಕಡಿಂದ ಹೇಳಸು.”

ದುರ್ಗಕ್ಕ ಪಂಪಾವತಿಯ ತಾಯಿ. ಆದರೆ ಕಾರ್ಖಾನೆಗೇ ಪಾಠ ಹೇಳುವವನು ಅತ್ತೆಯ ಸೆರಗು ಹಿಡಿದು ಮನೆ ಸೇರುವುದೇ? ಪಕ್ಕೀರಪ್ಪನಿಗೆ ಚಹಾ ಕುಡಿಸಿ ಕುಡಿಸಿ ಒಂದು ಮಾತು ಹೇಳಿಸಿದೆ. ಬೀಗದಕೈ ಬಂತು.

ಹದಿನೈದು ದಿನವೂ ಆಗಿರಲಿಲ್ಲ, ಮಹಡಿಯ ಬಾಡಿಗೆದಾರ ಸೀಲಿಂಗ್ ಫ್ಯಾನು ಬಿಚ್ಚಿಕೊಂಡು ಪರಾರಿಯಾದ. ಅವನ ಪರವಾಗಿಯೂ ಪಕ್ಕೀರಪ್ಪನೇ ಹೇಳಿದ್ದನಂತೆ.

“ಪಕ್ಕೀರಪ್ಪನ ಮಾತು ಇನ್ನ ನಡಿಯಂಗಿಲ್ಲ. ಅವನ ಕಡಿಂದ ಬಂದೋರು ಜಲ್ದಿ ಖಾಲಿ ಮಾಡ್ರಿ” ಎಂದರು ಚೆನ್ನಬಸಮ್ಮ.

“ನಾ ಏನ್ ಮಾಡೀನ್ರೀ ಅಮ್ಮಾ?”

ಆ ವಾರವಷ್ಟೇ ಇದೇ ಪಾಠ ಮಾಡಿದ್ದೆ: ಸಹಿ ಹಾಕಿದವನೇ ಪಟ್ಟಿಯಿಂದ ಹೊರಬಿದ್ದರೆ ಅವನು ಕೊಟ್ಟ ಸರ್ಟಿಫಿಕೇಟುಗಳಿಗೂ ಬೆಲೆಯಿಲ್ಲ. ‘ತಪ್ಪು ಮಾಡದವರ ಗತಿ?’ ಎಂದು ಯಾರೋ ಕೇಳಿದಾಗ, ‘ಬೇರೆಯವರ ಹತ್ತಿರ ಹೊಸದು ಮಾಡಿಸಿಕೊಳ್ಳಲಿ’ ಎಂದು ನಕ್ಕಿದ್ದೆ. ಈಗ ನಗು ಬರಲಿಲ್ಲ. ಕೂಸನ್ನು ಎಲ್ಲಿ ಮಲಗಿಸಲಿ ಎಂದು ನಿಜಕ್ಕೂ ಹೆದರಿದೆ. ಮೀಸೆ ತಗ್ಗಿಸಿ ಅತ್ತೆಗೆ ಫೋನು ಹಚ್ಚಿದೆ.

ಮರುದಿನ ದುರ್ಗಕ್ಕ ಮಗಳನ್ನೂ ಕೂಸನ್ನೂ ಕರೆದುಕೊಂಡೇ ಬಂದರು. ಕಟ್ಟೆಯ ಮೇಲೆ ಕುಳಿತು, ಎಲೆ ಅಡಿಕೆ ಹಾಕಿಕೊಂಡು, ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಇಂವ ನನ್ನ ಅಳಿಯ, ಮಾರೇಶ. ಕಳ್ಳ ಅಲ್ಲ ನೋಡವಾ. ಸ್ವಲ್ಪ ಪೆದ್ದ, ಅಷ್ಟ.”

ನಾನು ಬಾಯಿ ತೆರೆಯುವಷ್ಟರಲ್ಲಿ ಚೆನ್ನಬಸಮ್ಮ ಕೂಸನ್ನೆತ್ತಿಕೊಂಡು ಒಳಗೆ ಹೊರಟಿದ್ದರು.

“ಪೆದ್ದ ಆದ್ರ ಭಾಳ ಚಲೋ ಆತು ಬಿಡವಾ. ಫ್ಯಾನ್ ಬಿಚ್ಚಾಕ ಬರಂಗಿಲ್ಲ.”