ಹೊಸ ಬೋರ್ಡಿಗೆ ಹಚ್ಚಿದ ವಿಭೂತಿ

ಸುಜಾತಾಬಾಯಿಯವರೇ, ನೀವು ದಿಲ್ಲಿಯ ರೇಡಿಯೊದಲ್ಲಿ ಹಾಡಿದ ಸಂಜೆ ನಿಮ್ಮ ಗುರುಗಳಿಗೆ ನಾನು ಸುಳ್ಳು ಹೇಳಿದೆ. ನೀವು ಹಾಡಲೇ ಇಲ್ಲ ಎಂದು ಅವರು ನಂಬಿದರು. ನಂಬುವಂತೆ ಮಾಡಿದವನು ನಾನು — ರಾಮದುರ್ಗದ ಪೇಟೆಯಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ಈರಣ್ಣ. ಅವರಿಂದ ನಿಮಗೆ ಬಂದ ಕೊನೆಯ ಕಾಗದ ಇತ್ತಲ್ಲ, ಅದರ ಅಕ್ಷರವೂ ನನ್ನದೇ. ಇಪ್ಪತ್ತೈದು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ.

ನಿಮಗೆ ನನ್ನ ನೆನಪು ಇದೆಯೋ ಇಲ್ಲವೋ. ನಿಮ್ಮ ಗುರುಗಳಾದ ಗುರುಸಿದ್ಧಪ್ಪ ಮಾಸ್ತರರ ಮನೆಯಿಂದ ಎರಡು ಬಾಗಿಲು ಆಚೆ ನನ್ನ ಅಂಗಡಿ. ಬೈಲಹೊಂಗಲದಿಂದ ಒಂದು ಟ್ರಂಕು ಹೊತ್ತುಕೊಂಡು, ಸವದತ್ತಿಯಲ್ಲಿ ಬಸ್ಸು ಬದಲಿಸಿ ಬಂದಿಳಿದವನು. ಊರು ಹೊಸದು, ಪರಿಚಯದವರು ಯಾರೂ ಇಲ್ಲ. ಹಗಲೆಲ್ಲ ಓಣಿಯ ಮಗ್ಗಗಳ ಲಟಪಟ ಸದ್ದು. ನಾಲ್ಕು ಹೊಡೆಯುತ್ತಲೇ ಅದರ ನಡುವೆ ಮಾಸ್ತರರ ಹಾರ್ಮೋನಿಯಂ ಎದ್ದು ಬರುತ್ತಿತ್ತು, ಅದರ ಹಿಂದೆಯೇ ನಿಮ್ಮ ದನಿ. ನಾನು ಕೈಯಲ್ಲಿದ್ದ ಸೆಟ್ಟನ್ನು ಆರಿಸಿಬಿಡುತ್ತಿದ್ದೆ. 'ಹಾಡಾಕತ್ತೈತಲ್ಲೋ, ಯಾಕ ಬಂದ್ ಮಾಡಿದಿ?' ಎಂದು ಗಿರಾಕಿ ರೇಗಿದರೆ, 'ಹಾಡು ಅಲ್ಲಿ ನಡದೈತ್ರಿ, ಕೇಳ್ರಿ' ಎನ್ನುತ್ತಿದ್ದೆ. ಎಂಥ ದಿನಗಳು ಅವು! ಕರಗಿದ ಸೀಸದ ವಾಸನೆ, ಹೊತ್ತಿಗೊಂದು ಚಹಾ, ಪಡಸಾಲೆಯಿಂದ ನಿಮ್ಮ ತಾನ. ಆ ವಯಸ್ಸಿಗೆ ಇನ್ನೇನು ಬೇಕು?

ನಿಮ್ಮ ತಂದೆ ಕಚೇರಿಯಲ್ಲಿ ಸಿಪಾಯಿ, ಕಷ್ಟಪಟ್ಟು ನಿಮ್ಮನ್ನು ಶಾಲೆಗೆ ಹಾಕಿದವರು. ನಿಮ್ಮ ಕೇರಿಯ ಹುಡುಗಿಯೊಬ್ಬಳು ಮಾಸ್ತರರ ಪಡಸಾಲೆಯಲ್ಲಿ ಕೂತು ಹಾಡುವುದು ಎದುರುಮನೆಯ ಬಸಲಿಂಗಪ್ಪನಂಥವರಿಗೆ ಸೇರುತ್ತಿರಲಿಲ್ಲ. ಒಮ್ಮೆ ಆತ ಕಟ್ಟೆಯ ಮೇಲೆ ನಿಂತೇ ಅಂದುಬಿಟ್ಟ, 'ಪಡಸಾಲಿ ಬಾಗಲಾ ಯಾರಿಗೆ ಬೇಕಾದ್ರ ತಗದಿಡ್ತೀರಲ್ಲ ಮಾಸ್ತರ.' ಮಾಸ್ತರರು ಹಾರ್ಮೋನಿಯಂ ಬಿಟ್ಟು ಏಳಲೂ ಇಲ್ಲ. 'ಪಡಸಾಲಿ ನಂದು, ದನಿ ಆಕೀದು. ನಡುವ ನಿನಗೇನ್ ತ್ರಾಸಪಾ?' ಎಂದರು. ಅಂಥ ಮನುಷ್ಯ. ಆ ಮನುಷ್ಯನಿಗೇ ನಾನು...

ನಿಮ್ಮ ಮದುವೆಯಾಯಿತು. ಯಜಮಾನರಿಗೆ ದಿಲ್ಲಿಯ ಅಂಚೆ ಕಚೇರಿಯಲ್ಲಿ ನೌಕರಿ ಎಂದು ಅಲ್ಲಿಗೆ ಹೋದಿರಿ. ಆಗಲೇ ಮಾಸ್ತರರ ಕಣ್ಣಿಗೆ ಪೊರೆ ಬಂದಿತ್ತು, ಅವರ ಹೆಂಡತಿ ನೀಲವ್ವನಿಗೆ ಓದು ಬಾರದು. ನಿಮ್ಮ ಕಾಗದ ಬಂದರೆ ನನ್ನನ್ನು ಕರೆಯುತ್ತಿದ್ದರು. ನಾನೇ ಓದಿ ಹೇಳಬೇಕು, ಅವರು ಹೇಳಿದ ಉತ್ತರ ನಾನೇ ಬರೆಯಬೇಕು. ಆ ಚಳಿಗಾಲದಲ್ಲಿ ಬಂದ ಕಾಗದ ಇವತ್ತೂ ಬಾಯಿಪಾಠ: ಮುಂದಿನ ತಿಂಗಳು ಇಂಥ ದಿನ, ಸಂಜೆ ಏಳೂವರೆಗೆ, ದಿಲ್ಲಿಯಿಂದ ಹಾಡುತ್ತೇನೆ, ಶಾರ್ಟ್‌ವೇವ್‌ನಲ್ಲಿ ಸಿಗುತ್ತದೆ, ನೀವು ಕಲಿಸಿದ ಪೂರಿಯಾ ರಾಗವನ್ನೇ ಹಾಡುತ್ತೇನೆ. ಮಾಸ್ತರರು ಅದನ್ನು ನನ್ನಿಂದ ಮೂರು ಸಲ ಓದಿಸಿದರು. ಮೂರನೆಯ ಸಲ ಓದುವಾಗ ಅವರ ಕಣ್ಣಲ್ಲಿ ನೀರು ಬಂತು, ನನಗೂ ಬಂತು.

ಅವರ ಮನೆಯ ರೇಡಿಯೊ ಒಂದೇ ಬ್ಯಾಂಡಿನ ಹಳೆಯ ವಾಲ್ವ್ ಸೆಟ್ಟು. ಧಾರವಾಡ ಚೆನ್ನಾಗಿ ಬರುತ್ತಿತ್ತು. ಕತ್ತಲಾದ ಮೇಲೆ ದೂರದ ಒಂದೆರಡು ಸ್ಟೇಷನ್ನು ಗೊರಗೊರ ಎನ್ನುತ್ತ ಬರುತ್ತಿದ್ದವು, ಅಷ್ಟೇ. ಶಾರ್ಟ್‌ವೇವ್ ಇರಲಿಲ್ಲ. ಅರಳೆ ವ್ಯಾಪಾರಿಯೊಬ್ಬರ ಮನೆಯಲ್ಲಿ ಮೂರು ಬ್ಯಾಂಡಿನ ಟ್ರಾನ್ಸಿಸ್ಟರ್ ಇತ್ತು. ಆ ದಿನ ಕೊಡುತ್ತೇನೆಂದು ಅವರು ತಾವಾಗಿ ಹೇಳಿ ಕಳಿಸಿದರು. ಬೇಡವೆಂದವನು ನಾನು. 'ನಾ ಇದ್ದ ಮ್ಯಾಲ ಮಂದಿ ಸೆಟ್ ಯಾಕ್ರಿ ಮಾಸ್ತರ? ನಿಮ್ಮ ಸೆಟ್ಟಿನ ಹೊಟ್ಟ್ಯಾಗ ಶಾರ್ಟ್‌ವೇವ್ ಕುಂದರಸ್ತೇನಿ' ಎಂದೆ. ಹುಬ್ಬಳ್ಳಿಗೆ ಹೋಗಿ ಸಾಮಾನು ತಂದೆ. ಅಂಗೈಯಗಲದ ಕಂದು ಹಲಗೆಯ ಬೋರ್ಡು, ಅದರ ಮೇಲೆ ನಾನೇ ಸುತ್ತಿದ ಎರಡು ತಾಮ್ರದ ಸುರುಳಿ. ಸೆಟ್ಟಿನೊಳಗೆ ಖಾಲಿಯಿದ್ದ ಮೂಲೆಗೆ ಅದನ್ನು ತಿರುಪಿನಿಂದ ಬಿಗಿದೆ. ಹಳೆಯ ಬ್ಯಾಂಡಿನಿಂದ ಹೊಸದಕ್ಕೆ ಬದಲಿಸುವ ಒಂದು ಸ್ವಿಚ್ಚನ್ನು ಹಿಂಬದಿಗೆ ಕೂಡಿಸಿದೆ. ಎಂಟು ದಿನದ ಕೆಲಸ. ಹಾಡುವ ದಿನ ಬೆಳಿಗ್ಗೆ ಅವರ ಮನೆಯಲ್ಲೇ ಸೆಟ್ಟು ಹಚ್ಚಿ ನೋಡಿದಾಗ ದಿಲ್ಲಿ ಗಂಟೆ ಹೊಡೆದಂತೆ ಬಂತು. ಮಾಸ್ತರರು ನನ್ನ ತಲೆಯ ಮೇಲೆ ಕೈಯಿಟ್ಟರು. ಇದನ್ನು ಬರೆಯುವಾಗಲೂ ಆ ಕೈಯ ಭಾರ... ಇರಲಿ.

ಸಂಜೆ ಪಡಸಾಲೆ ತುಂಬಿತು. ಮಾಸ್ತರರು ಬೇಕೆಂದೇ ಬಸಲಿಂಗಪ್ಪನನ್ನೂ ಅವನ ಗೆಳೆಯರನ್ನೂ ಕರೆದಿದ್ದರು. ನಿಮ್ಮ ತಂದೆ ಬಾಗಿಲ ಬಳಿ ನಿಂತಿದ್ದರು. ಮಾಸ್ತರರು ಅವರ ಕೈ ಹಿಡಿದು ಕರೆತಂದು ತಮ್ಮ ಪಕ್ಕದಲ್ಲೇ ಕೂಡಿಸಿಕೊಂಡರು. ನೀಲವ್ವ ಎಲ್ಲರಿಗೂ ಚುರುಮುರಿ ಕೊಟ್ಟರು, ರೇಡಿಯೊದ ಮುಂದೆ ಊದಿನಕಡ್ಡಿ ಹಚ್ಚಿದರು.

ನನ್ನದೊಂದು ಪದ್ಧತಿ ಇತ್ತು. ರಿಪೇರಿಯಾದ ಸೆಟ್ಟಿನ ಪೆಟ್ಟಿಗೆಗೆ ಮೂರು ಬೆರಳಿನಿಂದ ವಿಭೂತಿ ಎಳೆದೇ ಗಿರಾಕಿಯ ಕೈಗೆ ಕೊಡುವುದು. ಬೆಳಿಗ್ಗೆ ವಿಭೂತಿ ಹಚ್ಚಿರಲಿಲ್ಲ, ಸಂಜೆ ಎಲ್ಲರ ಎದುರಿಗೇ ಹಚ್ಚೋಣ ಎಂದುಕೊಂಡಿದ್ದೆ. ನೀರಿನಲ್ಲಿ ವಿಭೂತಿ ಕಲಸಿ ಪೆಟ್ಟಿಗೆಯತ್ತ ಕೈ ಒಯ್ದಾಗ ಬಸಲಿಂಗಪ್ಪ ಚುರುಮುರಿ ಜಗಿಯುತ್ತ ಅಂದ, 'ಪೆಟಗಿ ಹಳೇದಲ್ಲೋ. ಹೊಸಾದು ಯಾವುದೈತಿ ಅದಕ್ಕ ಹಚ್ಚಬೇಕಪಾ.' ಎಲ್ಲರೂ ಹೌದು ಹೌದು ಎಂದರು. ಒದ್ದೆ ಬೆರಳನ್ನು ಬೋರ್ಡಿಗೆ ತಾಗಿಸಬಾರದೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಹಿಂದಿನ ಮುಚ್ಚಳ ತೆಗೆದು, ಪೆಟ್ಟಿಗೆ ತಿರುಗಿಸಿ, 'ನೋಡ್ರಿ, ಇದ ನಾ ಮಾಡಿದ್ದು' ಎಂದು ಅವರಿಗೆಲ್ಲ ತೋರಿಸುವ ಆಸೆ. ತೋರಿಸಿದೆ. ಸುರುಳಿಗಳ ಮೇಲೇ ಮೂರು ಬೆರಳು ಎಳೆದೆ. ಒಣಗಲೂ ಬಿಡದೆ ರೇಡಿಯೊ ಹಚ್ಚಿದೆ.

ಚಟ್ ಎಂದಿತು. ಸಣ್ಣ ಸದ್ದು. ಸುಟ್ಟ ವಾಸನೆಯೂ ಬಂತು, ಊದಿನಕಡ್ಡಿಯ ಹೊಗೆಯಲ್ಲಿ ಯಾರ ಮೂಗಿಗೂ ತಿಳಿಯಲಿಲ್ಲ. ಪೆಟ್ಟಿಗೆಯ ಹಿಂದೆ ನಿಂತಿದ್ದ ನಾನೊಬ್ಬನೇ ನೋಡಿದೆ, ವಿಭೂತಿಯ ಗೆರೆಗಳ ನಡುವೆ ಕಪ್ಪಾದ ತಂತಿಯನ್ನು. ಎಂಟು ದಿನದ ಕೆಲಸ ಒಂದು ಗಳಿಗೆಯಲ್ಲಿ ಬೂದಿಯಾಗಿತ್ತು.

ಆಗ ಏಳು ಗಂಟೆ, ಸುಜಾತಾಬಾಯಿ. ಇನ್ನೂ ಅರ್ಧ ತಾಸು ಇತ್ತು. ಅರಳೆ ವ್ಯಾಪಾರಿಯ ಮನೆ ಎರಡು ಓಣಿ ದಾಟಿದರೆ ಸಿಗುತ್ತಿತ್ತು. 'ತಪ್ಪಾತ್ರಿ ಮಾಸ್ತರ, ಸುಟ್ಟಿತು' ಎಂದು ಓಡಿದ್ದರೆ ಆ ಟ್ರಾನ್ಸಿಸ್ಟರ್ ತಂದಿಟ್ಟು ಉಸಿರು ಬಿಡುವಷ್ಟು ಹೊತ್ತಿತ್ತು. ಅದೊಂದು ಮಾತು ಬಾಯಿಂದ ಹೊರಡಲಿಲ್ಲ. ಅಷ್ಟೊಂದು ಕಣ್ಣು ನನ್ನ ಮೇಲಿದ್ದವು, ಬೇಡ ಎಂದವನೂ ನಾನೇ ಆಗಿದ್ದೆ — ಕಾರಣ ಹೇಳುತ್ತಿಲ್ಲ, ನಡೆದದ್ದು ಹೇಳುತ್ತಿದ್ದೇನೆ. ಹಿಂಬದಿಯ ಸ್ವಿಚ್ಚನ್ನು ಮೆಲ್ಲಗೆ ಹಳೆಯ ಬ್ಯಾಂಡಿಗೆ ತಿರುಗಿಸಿದೆ. ಮುಳ್ಳು ಆಡಿಸಿ ದೂರದ ಯಾವುದೋ ಹಿಂದಿ ಸ್ಟೇಷನ್ನು ಹಿಡಿದೆ. ಪಡಸಾಲೆಯಲ್ಲಿ ಒಬ್ಬರಿಗೂ ವ್ಯತ್ಯಾಸ ತಿಳಿಯಲಿಲ್ಲ.

ಏಳೂವರೆಗೆ ಯಾರೋ ಗಂಡಸು ಹಾಡತೊಡಗಿದ. ಮಾಸ್ತರರು ಕಿವಿಯನ್ನು ಪೆಟ್ಟಿಗೆಯ ಹತ್ತಿರಕ್ಕೆ ತಂದರು. ಆಮೇಲೆ ಸಿತಾರ್, ಆಮೇಲೆ ಏನೋ ಭಾಷಣ. ಪ್ರತಿ ಸಲ ಹೆಸರು ಹೇಳುವಾಗಲೂ ಮಾಸ್ತರರು ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸುತ್ತಿದ್ದರು. ನಿಮ್ಮ ಹೆಸರು ಎಲ್ಲಿಂದ ಬರಬೇಕು? ಎಂಟಕ್ಕೆ ವಾರ್ತೆ ಶುರುವಾಯಿತು. ಅವರು ನನ್ನತ್ತ ಮುಖ ತಿರುಗಿಸಿದರು.

'ಈರಣ್ಣಾ, ಇದು ದಿಲ್ಲೀನ ಹೌದಲ್ಲೋ?'

'ಹೌದ್ರಿ ಮಾಸ್ತರ. ದಿಲ್ಲೀನ.'

ಇಷ್ಟೇ ನಾನು ಆಡಿದ ಮಾತು. ಬಸಲಿಂಗಪ್ಪ ಧೋತರ ಕೊಡವಿ ಎದ್ದ. 'ಕಾಗದದಾಗ ಹಾಡ್ಯಾಳ ತಗೋರಿ' ಎಂದು ನಗುತ್ತ ಹೊರಟ. ನಿಮ್ಮ ತಂದೆ ತಲೆ ತಗ್ಗಿಸಿಕೊಂಡು, ಯಾರ ಮುಖವನ್ನೂ ನೋಡದೆ ಚಪ್ಪಲಿ ಮೆಟ್ಟಿಕೊಂಡರು. ಅವರು ಮತ್ತೆ ಆ ಮನೆಗೆ ಬಂದದ್ದನ್ನು ನಾನು ಕಾಣೆ.

ಹತ್ತು ದಿನದ ಮೇಲೆ ನಿಮ್ಮ ಕಾಗದ ಬಂತು. 'ಗುರುಗಳೇ, ಕೇಳಿದಿರಾ? ಎಲ್ಲಿ ತಪ್ಪಿದೆ ಹೇಳಿರಿ' ಎಂದು ಬರೆದಿದ್ದಿರಿ. ನಾನು ಓದಿದೆ. ಮಾಸ್ತರರು 'ಬರಕೋ' ಎಂದರು. ಅವರು ಹೇಳಿದ್ದನ್ನು ನಾನು ಬರೆದೆ: 'ಹಾಡಲಿಕ್ಕೆ ಸಿಗದಿದ್ದರೆ ಅದು ತಪ್ಪಲ್ಲ ಮಗಳೇ. ಹಾಡದೆಯೇ ಹಾಡಿದೆನೆಂದು ಬರೆಯುವುದು ತಪ್ಪು. ತಪ್ಪಿದ ಸ್ವರವನ್ನು ತಿದ್ದಬಲ್ಲೆ. ಇದನ್ನು ಹೇಗೆ ತಿದ್ದಲಿ?' ಪೆನ್ನು ನನ್ನ ಕೈಯಲ್ಲಿತ್ತು. ಅಲ್ಲೂ ಹೇಳಬಹುದಿತ್ತು. ವಿಳಾಸ ಬರೆದು, ಅಂಟು ಹಚ್ಚಿ, ನಾನೇ ಡಬ್ಬಿಗೆ ಹಾಕಿ ಬಂದೆ.

ನೀವು ಮತ್ತೆ ಬರೆಯಲಿಲ್ಲ. ಹೇಗೆ ಬರೆದೀರಿ? ಕಲಿಸಿದವರೇ ಸುಳ್ಳುಗಾತಿ ಎಂದ ಮೇಲೆ.

ಒಂದು ತಿಂಗಳೊಳಗೆ ನಾನು ಹೊಸ ಬೋರ್ಡು ಮಾಡಿ ಸದ್ದಿಲ್ಲದೆ ಒಳಗೆ ಕೂಡಿಸಿದೆ. ದಿಲ್ಲಿ ಮತ್ತೆ ಗಂಟೆಯಂತೆ ಬರುತ್ತಿತ್ತು. 'ಹಚ್ಚಲೇನ್ರಿ?' ಎಂದು ಕೇಳಿದರೆ ಮಾಸ್ತರರು, 'ಧಾರವಾಡ ಸಾಕೋ ನಮಗ' ಎನ್ನುತ್ತಿದ್ದರು. ಎರಡು ವರ್ಷ ಕಳೆದು ತೀರಿಕೊಂಡರು. ಆ ಪಡಸಾಲೆಯಲ್ಲಿ ಮತ್ತೊಬ್ಬ ಶಿಷ್ಯನನ್ನು ಅವರು ಕೂಡಿಸಿಕೊಳ್ಳಲಿಲ್ಲ. ನಾಲ್ಕು ಹೊಡೆದರೆ ಓಣಿಯಲ್ಲಿ ಮಗ್ಗದ ಸದ್ದಷ್ಟೇ ಕೇಳುತ್ತಿತ್ತು.

ಈಗ ಯಾಕೆ ಬಾಯಿ ಬಿಟ್ಟೆ ಎನ್ನುವಿರಿ. ಹೋದ ತಿಂಗಳು ನನ್ನ ಮಗಳು ಮನೆಯ ಕಂಪ್ಯೂಟರಿಗೆ ಹೊಸದೊಂದು ಕಾರ್ಡು ತಂದಳು. ಅದನ್ನು ಕೂಡಿಸಿದರೆ ಮೂಕ ಕಂಪ್ಯೂಟರು ಹಾಡುತ್ತದಂತೆ. ಪೆಟ್ಟಿಗೆ ತೆರೆದು, ಒಳಗಿನ ಖಾಲಿ ಸೀಳಿನಲ್ಲಿ ಅಂಗೈಯಗಲದ ಹಲಗೆಯನ್ನು ಒತ್ತಿ, ತಿರುಪು ಬಿಗಿಯುತ್ತಿದ್ದಳು. ನಾನು ಹತ್ತಿರ ಕೂತು ನೋಡುತ್ತಿದ್ದೆ, ಮನಸ್ಸು ಎಲ್ಲೆಲ್ಲೋ ಹೋಗಿತ್ತು. ಅಷ್ಟರಲ್ಲಿ ನನ್ನವಳು ಬಟ್ಟಲಲ್ಲಿ ವಿಭೂತಿ ಕಲಸಿ ತಂದು, 'ಹೊಸಾದಕ್ಕ ಹಚ್ಚತೇನಿ ತಡೀ ಮಗಳ' ಎಂದು ಕೈ ಚಾಚಿದಳು. ನಾನು ಕಿರುಚಿ ಅವಳ ಕೈ ಹಿಡಿದುಕೊಂಡೆ. ಬಟ್ಟಲು ಬಿತ್ತು. ತಾಯಿ ಮಗಳು ಇಬ್ಬರೂ ನನ್ನನ್ನೇ ನೋಡಿದರು. 'ಏನಾತ್ರಿ?' ಎಂದಳು ಹೆಂಡತಿ. ನೆಲದ ಮೇಲೆ ಬಿದ್ದ ವಿಭೂತಿ ನೋಡುತ್ತ ನಾನು ಅತ್ತೆ. ಆಮೇಲೆ ಎಲ್ಲ ಹೇಳಿದೆ.

ಮರುದಿನ ನೀಲವ್ವನ ಬಳಿಗೆ ಹೋದೆ. ಎಂಬತ್ತು ದಾಟಿದ್ದಾರೆ, ಕಿವಿ ಮಾತ್ರ ಚುರುಕು. ಅದೇ ಪಡಸಾಲೆಯಲ್ಲಿ, ಅದೇ ರೇಡಿಯೊದ ಮುಂದೆ ಕೂತು ಹೇಳಿದೆ. ಬೈಯಲಿ, ಹೊಡೆಯಲಿ ಎಂದುಕೊಂಡಿದ್ದೆ. ಅವರು ಎರಡನ್ನೂ ಮಾಡಲಿಲ್ಲ. ಸೆರಗಿನ ತುದಿಯಿಂದ ರೇಡಿಯೊದ ಮೇಲಿನ ಧೂಳು ಒರೆಸುತ್ತ ಕೂತರು.

'ಜೀವ ಹೋಗೂ ಮುಂದ ಅವರು ಇದರ ಕಡೆ ಕೈ ಮಾಡಿದ್ರು' ಎಂದರು. 'ಹಚ್ಚು ಅಂದ್ರೋ, ಆರಿಸು ಅಂದ್ರೋ ತಿಳೀಲಿಲ್ಲ. ನಾ ಆರಿಸಿದ್ನಿ.'

ನಾನು ಅವರ ಪಾದ ಮುಟ್ಟಲು ಬಾಗಿದೆ. ಕಾಲು ಹಿಂದಕ್ಕೆ ಎಳೆದುಕೊಂಡರು.

'ನನ್ನ ಕಾಲು ಯಾಕ ಹಿಡೀತಿ? ಆಕೀಗೆ ಬರಿ' ಎಂದರು. 'ಆ ಕಾಗದ ಬರದ ಕೈಲೇ ಬರಿ. ಅಕ್ಷರ ನೋಡಿದ್ರ ಆಕೀಗೆ ಗುರುತು ಸಿಗತೈತಿ.'

ಅದಕ್ಕೇ ಇದನ್ನು ಮಗಳ ಕಂಪ್ಯೂಟರಿನಲ್ಲಿ ಹೊಡೆಸಿಲ್ಲ. ಕೈಯಾರೆ ನಾನೇ ಬರೆದಿದ್ದೇನೆ. ನಾಳೆ ಇದರ ಇನ್ನೊಂದು ಪ್ರತಿಯನ್ನು ಪಡಸಾಲೆಯಲ್ಲಿ ಗಟ್ಟಿಯಾಗಿ ಓದುತ್ತೇನೆ. ಕಟ್ಟೆಯ ಮೇಲೆ ಕೂಡುವ ಮುದುಕ ಬಸಲಿಂಗಪ್ಪನನ್ನೂ ಕರೆದಿದ್ದೇನೆ. ನಿಮ್ಮ ತಂದೆ ಇದನ್ನು ಕೇಳಲು ಇಲ್ಲ, ಮಾಸ್ತರರೂ ಇಲ್ಲ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ, ಕೇಳುವುದೂ ಇಲ್ಲ. ನೀವು ಅವತ್ತು ಕೇಳಿದ ಪ್ರಶ್ನೆಗೆ ಉತ್ತರವಷ್ಟೇ ಇದು, ಇಪ್ಪತ್ತೈದು ವರ್ಷ ತಡವಾಗಿ: ನಿಮ್ಮ ಗುರುಗಳು ಕೇಳಲಿಲ್ಲ ತಾಯಿ. ಕಿವಿ ಪೆಟ್ಟಿಗೆಗೆ ಹಚ್ಚಿ ಅರ್ಧ ತಾಸು ಕಾದರು. ನಾನು ಕೇಳಗೊಡಲಿಲ್ಲ.